ಮನೆ ಪಕ್ಕದ ಕಿರಿದಾದ ಸಂದಿಗೆ ಸಿಸಿಟಿವಿ: ಯಾವ ಲೆನ್ಸ್, ಎಷ್ಟು ಎತ್ತರ, ಎಲ್ಲಿ ಹಾಕಬೇಕು? ಇಲ್ಲಿದೆ ಮಾಹಿತಿ

ಬೇಸಿಗೆ ರಜೆಗೋ ದೀಪಾವಳಿಗೋ ಊರಿಗೆ ಹೊರಡುವ ಮುನ್ನ ಮುಂಬಾಗಿಲಿಗೆ ಎರಡು ಬೀಗ, ಗೇಟಿಗೆ ಒಂದು ಬೀಗ, ಗೇಟಿನ ಮೇಲೆ ಒಂದು ಸಿಸಿಟಿವಿ ಕ್ಯಾಮೆರಾ. ಚೆನ್ನೈ, ಹೈದರಾಬಾದ್, ಪುಣೆಯಂಥ ನಗರಗಳಲ್ಲಿ ಸ್ವತಂತ್ರ ಮನೆ ಅಥವಾ ರೋ ಹೌಸ್‌ಗಳಲ್ಲಿ ವಾಸಿಸುವ ಹಲವು ಕನ್ನಡಿಗರ ಭದ್ರತಾ ತಯಾರಿ ಇಷ್ಟಕ್ಕೆ ಮುಗಿಯುತ್ತದೆ. ಮನೆಗೂ ಕಾಂಪೌಂಡ್ ಗೋಡೆಗೂ ನಡುವೆ ಉಳಿದಿರುವ ಮೂರು-ನಾಲ್ಕು ಅಡಿಯ ಸಂದಿ ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ. ನೀರಿನ ಮೋಟಾರ್, ಎಸಿ ಹೊರಘಟಕ, ಖಾಲಿ ಡಬ್ಬಗಳು, ಹಳೇ ಸೈಕಲ್ ಇರುವ ಜಾಗ ಅದು. ಅಡುಗೆಮನೆಯ ಹಿಂಬಾಗಿಲು, ಬಚ್ಚಲುಮನೆಯ ಕಿಟಕಿ ತೆರೆದುಕೊಳ್ಳುವುದೂ ಅಲ್ಲಿಗೇ. ಬೀದಿಯಲ್ಲಿ ಓಡಾಡುವವರ ಕಣ್ಣಿಗೆ ಬೀಳದೆ ಕಿಟಕಿಯ ಸರಳು ಬಗ್ಗಿಸಲು ಅದಕ್ಕಿಂತ ಅನುಕೂಲದ ಜಾಗ ಮನೆಯ ಸುತ್ತ ಇನ್ನೊಂದಿಲ್ಲ.

ಈ ಸಂದಿಗೂ ಒಂದು ಕ್ಯಾಮೆರಾ ಹಾಕಿಸಿದವರಿಗೆ ಅದರ ಕೊರತೆ ತಿಳಿಯುವುದು ಸಾಮಾನ್ಯವಾಗಿ ಏನಾದರೂ ನಡೆದ ಮೇಲೆ. ಯಾರೋ ಬಂದದ್ದು ಕಾಣುತ್ತದೆ, ಹೋದದ್ದೂ ಕಾಣುತ್ತದೆ, ಮುಖ ಮಾತ್ರ ಕಾಣುವುದಿಲ್ಲ. ಹೆಚ್ಚು ಮೆಗಾಪಿಕ್ಸೆಲ್‌ನ ಕ್ಯಾಮೆರಾ ತೆಗೆದುಕೊಳ್ಳಿ ಎಂಬುದು ಅಂಗಡಿಯಲ್ಲಿ ಸಿಗುವ ಸಲಹೆ. ಕಿರಿದಾದ ಸಂದಿಯ ಮಟ್ಟಿಗೆ ಆ ಸಲಹೆ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಇಲ್ಲಿ ಮೆಗಾಪಿಕ್ಸೆಲ್‌ಗಿಂತ ಲೆನ್ಸ್ ಮುಖ್ಯ. ಲೆನ್ಸ್‌ನಷ್ಟೇ ಮುಖ್ಯವಾದುದು ಕ್ಯಾಮೆರಾ ಹಾಕುವ ಜಾಗ.

ಚಿತ್ರದ ತುಂಬ ಗೋಡೆಯೇ

ಮನೆಗಳಿಗೆ ಹಾಕುವ ಕ್ಯಾಮೆರಾಗಳಲ್ಲಿ ಹೆಚ್ಚಾಗಿ ಬರುವುದು 2.8 ಎಂಎಂ ಲೆನ್ಸ್. ಇದರ ನೋಟ ಅಡ್ಡಕ್ಕೆ ಸುಮಾರು 100 ಡಿಗ್ರಿಯಷ್ಟು ಅಗಲ. ಹಾಲ್, ಪಾರ್ಕಿಂಗ್, ಮನೆಯ ಮುಂಭಾಗಕ್ಕೆ ಇದು ಒಳ್ಳೆಯ ಆಯ್ಕೆ. ಒಂದೇ ಕ್ಯಾಮೆರಾದಲ್ಲಿ ಎಲ್ಲವೂ ಕಾಣುತ್ತದೆ ಎಂಬ ಕಾರಣಕ್ಕೆ ಅಳವಡಿಸುವವರೂ ಇದನ್ನೇ ತರುತ್ತಾರೆ. ಅದೇ ಕ್ಯಾಮೆರಾವನ್ನು ಸಂದಿಗೆ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕ ನೋಡಿ.

ಸಂದಿಯ ಅಗಲ 4 ಅಡಿ, ಅಂದರೆ ಸುಮಾರು 1.2 ಮೀಟರ್. ಉದ್ದ 33 ಅಡಿ, ಅಂದರೆ 10 ಮೀಟರ್ ಎಂದುಕೊಳ್ಳೋಣ. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದಲ್ಲಿ ಅಡ್ಡಕ್ಕೆ 1920 ಪಿಕ್ಸೆಲ್‌ಗಳಿರುತ್ತವೆ. 2.8 ಎಂಎಂ ಲೆನ್ಸ್ 10 ಮೀಟರ್ ದೂರದಲ್ಲಿ ಸುಮಾರು 19 ಮೀಟರ್ ಅಗಲದ ದೃಶ್ಯವನ್ನು ಹಿಡಿಯುತ್ತದೆ. ಅದರಲ್ಲಿ ಸಂದಿಯ ಪಾಲು 1.2 ಮೀಟರ್ ಮಾತ್ರ. ಉಳಿದದ್ದೆಲ್ಲ ಎಡಬಲದ ಗೋಡೆ! 1920 ಪಿಕ್ಸೆಲ್‌ಗಳಲ್ಲಿ ಸಂದಿಯ ತುದಿಗೆ ಸಿಗುವುದು ಸುಮಾರು 120. ಅಲ್ಲಿ ನಿಂತವನ ಮುಖದ ಅಗಲಕ್ಕೆ ಸಿಗುವುದು 16 ಪಿಕ್ಸೆಲ್ ಅಷ್ಟೇ. ಮೊಬೈಲ್‌ನಲ್ಲಿ ಎಷ್ಟೇ ಜೂಮ್ ಮಾಡಿದರೂ ಆ 16 ಪಿಕ್ಸೆಲ್ ದೊಡ್ಡ ಚೌಕಗಳಾಗುತ್ತವೆಯೇ ಹೊರತು ಕಣ್ಣು-ಮೂಗು ಮೂಡುವುದಿಲ್ಲ.

ಇದೇ ಜಾಗಕ್ಕೆ 2.8 ಎಂಎಂ ಲೆನ್ಸ್‌ನ 5 ಮೆಗಾಪಿಕ್ಸೆಲ್ ಕ್ಯಾಮೆರಾ ಹಾಕಿದರೆ ಮುಖಕ್ಕೆ ಸಿಗುವ ಪಿಕ್ಸೆಲ್ 22ರ ಆಸುಪಾಸಿಗೆ ಏರುತ್ತದೆ. ಬದಲಿಗೆ ಹಳೆಯ 2 ಮೆಗಾಪಿಕ್ಸೆಲ್‌ನಲ್ಲೇ ಉಳಿದು 6 ಎಂಎಂ ಲೆನ್ಸ್ ಆರಿಸಿಕೊಂಡರೆ 34 ಪಿಕ್ಸೆಲ್ ಸಿಗುತ್ತದೆ. ಮನೆಬಳಕೆಯ ಕ್ಯಾಮೆರಾಗಳ ಸಾಮಾನ್ಯ ಗಾತ್ರದ ಸೆನ್ಸರ್ ಇಟ್ಟುಕೊಂಡು ಮಾಡಿದ ಲೆಕ್ಕವಿದು. ಮಾದರಿಯಿಂದ ಮಾದರಿಗೆ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು. ಆದರೆ ಯಾವುದು ಮುಂದೆ, ಯಾವುದು ಹಿಂದೆ ಎಂಬುದು ಬದಲಾಗದು. ಅಷ್ಟೇ ಗಾತ್ರದ ಸೆನ್ಸರ್‌ನಲ್ಲಿ ಹೆಚ್ಚು ಪಿಕ್ಸೆಲ್ ತುಂಬಿದಾಗ ಪ್ರತಿ ಪಿಕ್ಸೆಲ್‌ಗೆ ಬೀಳುವ ಬೆಳಕು ಕಡಿಮೆಯಾಗುತ್ತದೆ ಎಂಬುದನ್ನೂ ಮರೆಯಬಾರದು. ಸಂದಿಯಲ್ಲಿ ಬೆಳಕು ಮೊದಲೇ ಕಮ್ಮಿ.

ಎಷ್ಟು ಪಿಕ್ಸೆಲ್ ಇದ್ದರೆ ಮುಖ ಗುರುತಾಗುತ್ತದೆ?

ಇದಕ್ಕೆ ಅಂತಾರಾಷ್ಟ್ರೀಯ ಮಾನದಂಡವೇ ಇದೆ. ಐಇಸಿ 62676-4 ಎಂಬ ಮಾನದಂಡದ 2014ರ ಆವೃತ್ತಿಯ ಪ್ರಕಾರ, ಯಾರೋ ಇದ್ದಾರೆ ಎಂದು ಪತ್ತೆಯಾಗಲು ದೃಶ್ಯದ ಪ್ರತಿ ಮೀಟರ್‌ಗೆ 25 ಪಿಕ್ಸೆಲ್ ಸಾಕು. ಪರಿಚಿತರಾದರೆ ಇಂಥವರೇ ಎಂದು ಹೇಳಲು 125 ಬೇಕು. ಅಪರಿಚಿತನ ಗುರುತು ಅನುಮಾನಕ್ಕೆ ಎಡೆಯಿಲ್ಲದಂತೆ ಸಿಗಬೇಕಾದರೆ 250 ಬೇಕು. 250 ಎಂದರೆ ಒಂದು ಮುಖದ ಅಗಲಕ್ಕೆ ಸುಮಾರು 40 ಪಿಕ್ಸೆಲ್.

ಸಂದಿಯ ಕ್ಯಾಮೆರಾದ ಕೆಲಸ ಯಾವುದು ಎಂದು ಮೊದಲೇ ತೀರ್ಮಾನಿಸಿಕೊಂಡರೆ ಆಯ್ಕೆ ಸುಲಭ. ಯಾರಾದರೂ ಬಂದರೆ ಮೊಬೈಲ್‌ಗೆ ಅಲರ್ಟ್ ಬಂದರೆ ಸಾಕು, ಪಕ್ಕದ ಮನೆಯವರಿಗೆ ಫೋನ್ ಮಾಡುತ್ತೇವೆ ಎನ್ನುವವರಿಗೆ 2.8 ಎಂಎಂ ಕೂಡ ನಡೆಯುತ್ತದೆ. ಪೊಲೀಸರಿಗೆ ಕೊಡಬಹುದಾದ ಮುಖ ಬೇಕು ಎನ್ನುವವರು ಮೇಲಿನ ಅಳತೆಯ ಸಂದಿಗೆ 6 ಎಂಎಂ ಲೆನ್ಸ್‌ನ 4 ಮೆಗಾಪಿಕ್ಸೆಲ್ ಕ್ಯಾಮೆರಾ ಆರಿಸಿಕೊಳ್ಳುವುದು ಒಳಿತು. ಅದರಲ್ಲಿ 10 ಮೀಟರ್ ದೂರದ ತುದಿಯಲ್ಲೂ ಮೀಟರ್‌ಗೆ 280ರ ಹತ್ತಿರ ಪಿಕ್ಸೆಲ್ ಸಿಗುತ್ತದೆ. 2 ಮೆಗಾಪಿಕ್ಸೆಲ್ ಆದರೆ ಎಂಟು-ಎಂಟೂವರೆ ಮೀಟರ್‌ವರೆಗೆ 250 ಸಿಗುತ್ತದೆ. ಸಂದಿ 5-6 ಮೀಟರ್ ಮಾತ್ರ ಇದ್ದರೆ 4 ಎಂಎಂ ಸಾಕು. 15 ಮೀಟರ್ ದಾಟಿದರೆ 8 ಎಂಎಂ ನೋಡಬೇಕು, ಅಥವಾ ಎರಡು ಕ್ಯಾಮೆರಾ ಹಾಕಬೇಕು. ಅಳತೆ ಖಚಿತವಿಲ್ಲದಿದ್ದರೆ 2.8ರಿಂದ 12 ಎಂಎಂವರೆಗೆ ಹೊಂದಿಸಿಕೊಳ್ಳಬಹುದಾದ ವೇರಿಫೋಕಲ್ ಲೆನ್ಸ್‌ನ ಕ್ಯಾಮೆರಾಗಳೂ ಸಿಗುತ್ತವೆ. ಬೆಲೆ ಹೆಚ್ಚು, ಆದರೆ ಗೋಡೆಗೆ ಹಾಕಿದ ಮೇಲೆ ಪರದೆ ನೋಡುತ್ತ ಹೊಂದಿಸಬಹುದು.

ಚೆನ್ನೈನಲ್ಲೋ ಪುಣೆಯಲ್ಲೋ ಕ್ಯಾಮೆರಾ ಹಾಕಲು ಬಂದವರ ಜತೆ ಭಾಷೆಯ ತೊಡಕಾದರೂ ಚಿಂತೆ ಬೇಡ. ‘6 ಎಂಎಂ ಬುಲೆಟ್’ ಎಂದರೆ ಎಲ್ಲ ಊರಿನಲ್ಲೂ ಅರ್ಥವಾಗುತ್ತದೆ. ಅಂಗಡಿಯಲ್ಲಿ ದಾಸ್ತಾನು ಇರುವುದು 2.8 ಅಥವಾ 3.6 ಎಂಎಂ ಆಗಿದ್ದರೆ ‘ಇದೇ ಸಾಕು ಸರ್’ ಎಂಬ ಉತ್ತರ ಬರಬಹುದು. ಎರಡು ದಿನ ಕಾದು ತರಿಸಿಕೊಂಡರೆ ನಷ್ಟವೇನಿಲ್ಲ.

ಕ್ಯಾಮೆರಾ ತಿರುಗಿಸಿದರೆ ಚಿತ್ರ ನಿಲ್ಲುತ್ತದೆ

ಲೆನ್ಸ್‌ನ ಎಂಎಂ ಹೆಚ್ಚಿಸಿದಾಗ ಒಂದು ಸಮಸ್ಯೆ ಎದುರಾಗುತ್ತದೆ. ದೂರದ್ದು ಹತ್ತಿರ ಬರುತ್ತದೆ, ಆದರೆ ಕ್ಯಾಮೆರಾದ ಬುಡದಲ್ಲಿ ಕಾಣದ ಜಾಗ ಬೆಳೆಯುತ್ತದೆ. 2.7 ಮೀಟರ್ ಎತ್ತರದಲ್ಲಿ 6 ಎಂಎಂ ಕ್ಯಾಮೆರಾ ಹಾಕಿ, ಸಂದಿಯ ತುದಿಯಲ್ಲಿ ನಿಂತವರ ತಲೆ ಚಿತ್ರದ ಮೇಲಂಚಿಗೆ ಬರುವಂತೆ ಬಾಗಿಸಿದರೆ, ಕ್ಯಾಮೆರಾದ ಕೆಳಗಿನ ಮೊದಲ 4 ಮೀಟರ್ ನೆಲ ಕಾಣುವುದೇ ಇಲ್ಲ. ಹಿಂಬಾಗಿಲು ಅಲ್ಲೇ ಇದ್ದರೆ ಕ್ಯಾಮೆರಾ ಇದ್ದೂ ಇಲ್ಲದಂತೆ.

ಇದಕ್ಕೆ ಪರಿಹಾರವಾಗಿ ಹಲವು ಐಪಿ ಕ್ಯಾಮೆರಾಗಳಲ್ಲಿ ‘ಕಾರಿಡಾರ್ ಮೋಡ್’ ಇರುತ್ತದೆ. ಕೆಲವು ಕಂಪನಿಗಳ ಮೆನುವಿನಲ್ಲಿ ಇದು ‘ರೊಟೇಟ್’ ಎಂಬ ಹೆಸರಲ್ಲಿರುತ್ತದೆ. ಕ್ಯಾಮೆರಾವನ್ನು ಬ್ರಾಕೆಟ್‌ನಲ್ಲೇ 90 ಡಿಗ್ರಿ ತಿರುಗಿಸಿ, ಸೆಟ್ಟಿಂಗ್‌ನಲ್ಲಿ ಚಿತ್ರವನ್ನೂ ಅಷ್ಟೇ ತಿರುಗಿಸಿದರೆ ಮುಗಿಯಿತು. ಅಡ್ಡಕ್ಕೆ 1920, ಎತ್ತರಕ್ಕೆ 1080 ಇದ್ದ ಚಿತ್ರ ಅಡ್ಡಕ್ಕೆ 1080, ಎತ್ತರಕ್ಕೆ 1920 ಆಗುತ್ತದೆ. ಮೊಬೈಲನ್ನು ನೇರವಾಗಿ ಹಿಡಿದು ವಿಡಿಯೊ ಮಾಡಿದಂತೆ. ಸಂದಿಯ ಆಕಾರವೂ ಹಾಗೆಯೇ ಉದ್ದಕ್ಕೆ ಇರುವುದರಿಂದ ಗೋಡೆಗೆ ಹೋಗುತ್ತಿದ್ದ ಪಿಕ್ಸೆಲ್‌ಗಳು ನೆಲಕ್ಕೆ, ಸಂದಿಯ ಉದ್ದಕ್ಕೆ ಬರುತ್ತವೆ.

ಮೇಲಿನ ಉದಾಹರಣೆಯಲ್ಲಿ ಇಷ್ಟು ಮಾಡಿದರೆ ಕಾಣದ ಜಾಗ 4 ಮೀಟರ್‌ನಿಂದ 2 ಮೀಟರ್‌ಗೆ ಇಳಿಯುತ್ತದೆ. 8 ಎಂಎಂ ಲೆನ್ಸ್ ಆದರೆ ಐದೂವರೆ ಮೀಟರ್ ಇದ್ದದ್ದು 3 ಮೀಟರ್ ಆಗುತ್ತದೆ. 4 ಎಂಎಂನಲ್ಲಿ ಎರಡೂವರೆ ಮೀಟರ್ ಇದ್ದದ್ದು ಒಂದು ಮೀಟರ್‌ಗಿಂತ ಕಡಿಮೆ. ತಿರುಗಿಸಿದ ಮಾತ್ರಕ್ಕೆ ಮುಖ ಹೆಚ್ಚು ಸ್ಪಷ್ಟವಾಗುವುದಿಲ್ಲ ಎಂಬುದು ನೆನಪಿರಲಿ. ಲೆನ್ಸ್ ಅದೇ ಆದ್ದರಿಂದ ಮೀಟರ್‌ಗೆ ಸಿಗುವ ಪಿಕ್ಸೆಲ್ ಅಷ್ಟೇ ಇರುತ್ತದೆ. ಬುಡದ ಜಾಗ ಕಳೆದುಕೊಳ್ಳದೆ ದೊಡ್ಡ ಎಂಎಂ ಲೆನ್ಸ್ ಹಾಕಲು ಸಾಧ್ಯವಾಗುವುದೇ ಇದರ ಲಾಭ.

ಡಿವಿಆರ್‌ಗೆ ಜೋಡಿಸುವ ಅನಲಾಗ್ ಎಚ್‌ಡಿ ಕ್ಯಾಮೆರಾಗಳಲ್ಲಿ ಈ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲ. ವೈ-ಫೈ ಕ್ಯಾಮೆರಾಗಳ ಆ್ಯಪ್‌ನಲ್ಲಿ ಕಾಣುವ ‘ಫ್ಲಿಪ್’ ಆಯ್ಕೆ ಚಿತ್ರವನ್ನು ತಲೆಕೆಳಗು ಮಾಡುವುದಕ್ಕೆ ಇರುವುದೇ ಹೊರತು 90 ಡಿಗ್ರಿ ತಿರುಗಿಸುವುದಕ್ಕಲ್ಲ. ಖರೀದಿಗೆ ಮುನ್ನ ಕಂಪನಿಯ ಡೇಟಾಶೀಟ್‌ನಲ್ಲಿ ಕಾರಿಡಾರ್ ಮೋಡ್ ಅಥವಾ ರೊಟೇಟ್ ಎಂದು ನಮೂದಾಗಿದೆಯೇ ನೋಡಿ.

ಎಲ್ಲಿ, ಎಷ್ಟು ಎತ್ತರದಲ್ಲಿ?

ಸಂದಿಯ ನಡುವೆ, ಉದ್ದದ ಗೋಡೆಗೆ ಕ್ಯಾಮೆರಾ ಹಾಕಿ ಎದುರು ಗೋಡೆಯತ್ತ ಮುಖ ಮಾಡಿಸುವುದರಿಂದ ಪ್ರಯೋಜನ ಕಡಿಮೆ. ನಡೆದುಹೋಗುವವರು ಒಂದೆರಡು ಸೆಕೆಂಡ್‌ನಲ್ಲಿ ಚಿತ್ರ ದಾಟಿಬಿಡುತ್ತಾರೆ, ಕಾಣುವುದೂ ಪಕ್ಕದ ಮುಖ. ಸಂದಿಯ ಒಂದು ತುದಿಯಿಂದ ಇನ್ನೊಂದು ತುದಿಯತ್ತ ನೋಡುವಂತೆ ಹಾಕುವುದೇ ಸರಿ.

ಯಾವ ತುದಿ ಎಂಬುದು ಮುಂದಿನ ಪ್ರಶ್ನೆ. ಬೀದಿ ಕಡೆಯ ತುದಿಯಲ್ಲಿ ಹಾಕಿ ಒಳಕ್ಕೆ ನೋಡುವಂತೆ ಮಾಡಿದರೆ ಒಳಹೋಗುವವನ ಬೆನ್ನು ಕಾಣುತ್ತದೆ. ಕೈಗೆಟಕುವ ಜಾಗವಾದರೆ ಕ್ಯಾಮೆರಾವನ್ನೇ ತಿರುಚಿಹಾಕುವ ಅಪಾಯವೂ ಇದೆ. ಹಿಂಭಾಗದ ತುದಿಯಲ್ಲಿ ಹಾಕಿ ಬೀದಿಯತ್ತ ನೋಡುವಂತೆ ಮಾಡಿದರೆ ಒಳಬರುವವನ ಮುಖ ನೇರವಾಗಿ ಸಿಗುತ್ತದೆ. ಆದ್ದರಿಂದ ಒಂದೇ ಕ್ಯಾಮೆರಾ ಹಾಕುವುದಾದರೆ ಹಿಂಭಾಗದ ತುದಿಯೇ ಉತ್ತಮ. ಆದರೆ ಹಗಲಿನಲ್ಲಿ ಬೀದಿಯ ಪ್ರಖರ ಬೆಳಕು ಎದುರಿಗಿರುವುದರಿಂದ ಬರುವವರು ಕಪ್ಪು ನೆರಳಿನಂತೆ ಕಾಣುತ್ತಾರೆ. ಪೂರ್ವ ಅಥವಾ ಪಶ್ಚಿಮಕ್ಕೆ ತೆರೆದ ಸಂದಿಯಾದರೆ ಬೆಳಿಗ್ಗೆಯೋ ಸಂಜೆಯೋ ಬಿಸಿಲು ನೇರವಾಗಿ ಲೆನ್ಸ್‌ಗೇ ಹೊಡೆಯುತ್ತದೆ. ಇದನ್ನು ತಡೆಯಲು ಡಬ್ಲ್ಯುಡಿಆರ್ ಇರುವ ಕ್ಯಾಮೆರಾ ಬೇಕು. ಡಬ್ಬದ ಮೇಲೆ ‘ಡಿ-ಡಬ್ಲ್ಯುಡಿಆರ್’ ಅಥವಾ ‘ಡಿಜಿಟಲ್ ಡಬ್ಲ್ಯುಡಿಆರ್’ ಎಂದಿದ್ದರೆ ಅದು ಚಿತ್ರ ತೆಗೆದ ಮೇಲೆ ಹೊಳಪನ್ನು ತಿದ್ದುವ ತಂತ್ರ ಮಾತ್ರ. ‘120 ಡಿಬಿ’ ಎಂದು ನಮೂದಿಸಿರುವುದು ಬೇರೆ ಬೇರೆ ಎಕ್ಸ್‌ಪೋಷರ್‌ಗಳನ್ನು ಸೇರಿಸಿ ಚಿತ್ರ ಕೊಡುವ ನಿಜವಾದ ಡಬ್ಲ್ಯುಡಿಆರ್.

ಎತ್ತರದ ವಿಷಯದಲ್ಲಿ ಎರಡು ಆಸೆಗಳ ನಡುವೆ ಜಗಳವಿದೆ. ಎತ್ತರ ಹೆಚ್ಚಿದಷ್ಟು ಕ್ಯಾಮೆರಾ ಸುರಕ್ಷಿತ. ಕಡಿಮೆಯಾದಷ್ಟು ಮುಖ ಸ್ಪಷ್ಟ. ಮೇಲಿನಿಂದ ಕೆಳಗೆ ನೋಡುವ ಕೋನ 15 ಡಿಗ್ರಿಯೊಳಗೆ ಇದ್ದರೆ ಮುಖ ಚೆನ್ನಾಗಿ ಸಿಗುತ್ತದೆ. 2.7 ಮೀಟರ್, ಅಂದರೆ 9 ಅಡಿ ಎತ್ತರದಲ್ಲಿ ಕ್ಯಾಮೆರಾ ಇದ್ದರೆ ವ್ಯಕ್ತಿ 4 ಮೀಟರ್ ಅಥವಾ ಅದಕ್ಕಿಂತ ದೂರ ಇರುವಾಗ ಈ ಕೋನ ಸಿಗುತ್ತದೆ. ಕ್ಯಾಮೆರಾವನ್ನು ಮೂರೂವರೆ ಮೀಟರ್‌ಗೆ ಏರಿಸಿದರೆ ಅದು 7 ಮೀಟರ್ ಆಗಿಬಿಡುತ್ತದೆ. ಅದಕ್ಕಿಂತ ಹತ್ತಿರ ಬಂದವರ ನೆತ್ತಿ, ಟೋಪಿ, ಹೆಲ್ಮೆಟ್ ಕಾಣುತ್ತದೆಯೇ ಹೊರತು ಮುಖವಲ್ಲ. ಎಂಟೂವರೆಯಿಂದ ಒಂಬತ್ತು ಅಡಿ ಹೆಚ್ಚಿನ ಸಂದಿಗಳಿಗೆ ಹೊಂದುವ ಎತ್ತರ. ಮೊದಲ ಮಹಡಿಯ ಬಾಲ್ಕನಿಗೆ ಹಾಕಿದ ಕ್ಯಾಮೆರಾ ಚೆಂದದ ನೋಟ ಕೊಡುತ್ತದೆ, ಗುರುತು ಕೊಡುವುದಿಲ್ಲ.

ಎರಡು ಕ್ಯಾಮೆರಾ ಹಾಕುವ ಅನುಕೂಲವಿದ್ದರೆ ಎರಡು ತುದಿಯಿಂದ ಒಂದಕ್ಕೊಂದು ಎದುರಾಗಿ ಹಾಕಿ. ಒಂದರ ಬುಡದಲ್ಲಿ ಕಾಣದ ಜಾಗ ಇನ್ನೊಂದಕ್ಕೆ ಕಾಣುತ್ತದೆ. ಒಂದನ್ನು ಕೆಡಿಸಲು ಬಂದವನನ್ನು ಇನ್ನೊಂದು ಹಿಡಿಯುತ್ತದೆ.

ರಾತ್ರಿಯ ಬಿಳಿ ಗೋಡೆ

ಸಂದಿಯ ಕ್ಯಾಮೆರಾಗಳು ಹೆಚ್ಚಾಗಿ ಸೋಲುವುದು ರಾತ್ರಿ. ಕತ್ತಲಾದಾಗ ಕ್ಯಾಮೆರಾದೊಳಗಿನ ಇನ್‌ಫ್ರಾರೆಡ್ ಎಲ್‌ಇಡಿಗಳು ಉರಿಯುತ್ತವೆ. ಅವುಗಳ ಬೆಳಕು ನಮ್ಮ ಕಣ್ಣಿಗೆ ಕಾಣದು, ಕ್ಯಾಮೆರಾಗೆ ಕಾಣುತ್ತದೆ. ಬಯಲು ಜಾಗದಲ್ಲಿ ತೊಂದರೆಯಿಲ್ಲ. ಸಂದಿಯಲ್ಲಿ ಅರ್ಧ ಮೀಟರ್ ಪಕ್ಕದಲ್ಲೇ ಗೋಡೆ ಇರುತ್ತದೆ. ಬೆಳಕಿನ ತೀವ್ರತೆ ದೂರದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ, ಅರ್ಧ ಮೀಟರ್ ದೂರದ ಗೋಡೆಗೆ ಬೀಳುವ ಬೆಳಕು 10 ಮೀಟರ್ ದೂರದಲ್ಲಿ ನಿಂತವನ ಮೇಲೆ ಬೀಳುವುದಕ್ಕಿಂತ ಸುಮಾರು 400 ಪಟ್ಟು ಹೆಚ್ಚು. ಗೋಡೆ ಬೆಳ್ಳಗೆ ಹೊಳೆಯುತ್ತದೆ. ಆ ಹೊಳಪು ನೋಡಿ ಕ್ಯಾಮೆರಾ ಇಡೀ ಚಿತ್ರವನ್ನೇ ಮಬ್ಬು ಮಾಡಿಕೊಳ್ಳುತ್ತದೆ. ಕೊನೆಗೆ ಕಾಣುವುದು ಎಡಕ್ಕೊಂದು ಬಿಳಿ ಗೋಡೆ, ಮಧ್ಯೆ ಕತ್ತಲು.

ಮೊದಲ ಪರಿಹಾರ ಗೋಡೆಯಿಂದ ದೂರ ಸರಿಯುವುದು. ಉದ್ದದ ಗೋಡೆಗೆ ಅಂಟಿಸಿದಂತೆ ಹಾಕುವ ಬದಲು ಸಂದಿಯ ಅಗಲದ ಮಧ್ಯಕ್ಕೆ ಕ್ಯಾಮೆರಾ ತನ್ನಿ. ಮೇಲೆ ಬೀಮ್, ಸ್ಲ್ಯಾಬ್ ಅಥವಾ ಕಿಟಕಿಯ ಸಜ್ಜಾ ಇದ್ದರೆ ಅದರ ಅಡಿಗೆ ಹಾಕಬಹುದು. ಇಲ್ಲದಿದ್ದರೆ ಗೋಡೆಯಿಂದ ಒಂದು-ಒಂದೂವರೆ ಅಡಿ ಮುಂದಕ್ಕೆ ಬರುವ ಬ್ರಾಕೆಟ್ ಸಿಗುತ್ತದೆ. 6 ಎಂಎಂ ಲೆನ್ಸ್ ಮತ್ತು ಕಾರಿಡಾರ್ ಮೋಡ್ ಇದ್ದರೆ ಹತ್ತಿರದ ಗೋಡೆ ಚಿತ್ರದೊಳಗೆ ಬರುವುದೇ ಕಡಿಮೆ. ‘ಸ್ಮಾರ್ಟ್ ಐಆರ್’ ಎಂಬ ಸೆಟ್ಟಿಂಗ್ ಇದ್ದರೆ ಆನ್ ಮಾಡಿ. ಹತ್ತಿರದ ವಸ್ತು ಹೊಳೆದಾಗ ಎಲ್‌ಇಡಿಗಳ ತೀವ್ರತೆ ತಾನಾಗಿ ತಗ್ಗುತ್ತದೆ. ಮುಂದೆ ಸಾಗಿದ ಸಜ್ಜಾ, ನೀರಿನ ಪೈಪು, ಬಟ್ಟೆ ಒಣಹಾಕುವ ತಂತಿ ಲೆನ್ಸ್‌ಗೆ ಅಡ್ಡ ಬಂದರೂ ಇದೇ ತೊಂದರೆ.

ಇದಕ್ಕಿಂತ ಸರಳವಾದ ಉಪಾಯ ಸಂದಿಗೆ ದೀಪ ಹಾಕುವುದು. ಸಂದಿಯ ಮಧ್ಯದಲ್ಲಿ ಕತ್ತಲಾದಾಗ ತಾನೇ ಹೊತ್ತಿಕೊಳ್ಳುವ 9 ವಾಟ್‌ನ ಒಂದು ಎಲ್‌ಇಡಿ ದೀಪ ಇದ್ದರೆ ಚಿತ್ರ ಬಣ್ಣದಲ್ಲೇ ಸಿಗುತ್ತದೆ. ಇನ್‌ಫ್ರಾರೆಡ್ ಚಿತ್ರದಲ್ಲಿ ಬಟ್ಟೆಯ ಬಣ್ಣ ನಂಬುವಂತಿಲ್ಲ. ಕಪ್ಪು ಅಂಗಿ ಬೂದಿಯಾಗಿಯೋ ಬಿಳಿಯಾಗಿಯೋ ಕಾಣುವುದುಂಟು. ‘ಕೆಂಪು ಟೀ ಶರ್ಟ್’ ಎಂದು ಹೇಳಲು ಬೆಳಕೇ ಬೇಕು. ದೀಪ ಕ್ಯಾಮೆರಾದ ಹಿಂದೆ ಅಥವಾ ಮೇಲೆ ಇರಲಿ, ಎದುರಿಗೆ ಬೇಡ. ಬಿಳಿ ಬೆಳಕಿನ ಎಲ್‌ಇಡಿ ಇರುವ ‘ಕಲರ್ ನೈಟ್’ ಕ್ಯಾಮೆರಾಗಳೂ ಇವೆ. ಆದರೆ ಅವುಗಳ ಬೆಳಕೂ ಹತ್ತಿರದ ಗೋಡೆಗೆ ಹೊಡೆದು ವಾಪಸ್ ಬರುತ್ತದೆ.

ಇನ್ನು ಜೇಡ. ಇನ್‌ಫ್ರಾರೆಡ್ ಎಲ್‌ಇಡಿಯ ಸುತ್ತ ಹುಳ ಸೇರುತ್ತವೆ, ಹುಳಕ್ಕಾಗಿ ಜೇಡ ಬರುತ್ತದೆ, ಲೆನ್ಸ್ ಮುಂದೆ ಬಲೆ ಕಟ್ಟುತ್ತದೆ. ಗಾಳಿಯಿಲ್ಲದ ಸಂದಿಗಳಲ್ಲಿ ಇದು ಬೇಗ ಆಗುತ್ತದೆ. ತಿಂಗಳಿಗೊಮ್ಮೆ ಒಣ ಬಟ್ಟೆ ಕಟ್ಟಿದ ಕೋಲಿನಿಂದ ತೆಗೆದರೆ ಸಾಕು.

ಡೋಮ್, ಬುಲೆಟ್ ಅಥವಾ ಟರೆಟ್?

ಡೋಮ್ ಕ್ಯಾಮೆರಾದ ಪ್ಲಾಸ್ಟಿಕ್ ಗುಮ್ಮಟದ ಮೇಲೆ ಧೂಳು, ಮಳೆಹನಿ ಕೂತರೆ ಇನ್‌ಫ್ರಾರೆಡ್ ಬೆಳಕು ಅಲ್ಲೇ ಪ್ರತಿಫಲಿಸುತ್ತದೆ. ಸಂದಿಗೆ ಬುಲೆಟ್ ಅಥವಾ ಟರೆಟ್ ಉತ್ತಮ. ಟರೆಟ್ ಚಿಕ್ಕದು, ಸಜ್ಜಾ ಅಡಿಗೆ ಸರಿಹೊಂದುತ್ತದೆ. ಬುಲೆಟ್ ಎದ್ದು ಕಾಣುತ್ತದೆ. ಕ್ಯಾಮೆರಾ ಇದೆ ಎಂದು ತೋರಿಸುವುದೇ ಉದ್ದೇಶವಾದರೆ ಅದೂ ಅನುಕೂಲವೇ. ಮಳೆ ಬೀಳುವ ಜಾಗವಾದ್ದರಿಂದ ಐಪಿ66 ಅಥವಾ ಐಪಿ67 ದರ್ಜೆ ಇರಲಿ. ಮುಂಬೈ, ಮಂಗಳೂರಿನಂಥ ಕಡೆ ಕೇಬಲ್ ಜೋಡಣೆಯನ್ನು ಜಂಕ್ಷನ್ ಬಾಕ್ಸ್‌ನೊಳಗೆ ಇಡದಿದ್ದರೆ ಒಂದೇ ಮಳೆಗಾಲಕ್ಕೆ ಕ್ಯಾಮೆರಾ ಕೈಕೊಡಬಹುದು.

ಸುತ್ತ ತಿರುಗುವ ವೈ-ಫೈ ಕ್ಯಾಮೆರಾಗಳು ಸಂದಿಗೆ ಬೇಕಿಲ್ಲ. ನೋಡಬೇಕಾದ ದಿಕ್ಕು ಒಂದೇ, ಅದು ಬೇರೆ ಕಡೆ ತಿರುಗಿದ್ದಾಗ ಯಾರಾದರೂ ಬಂದರೆ ದಾಖಲಾಗುವುದಿಲ್ಲ. ಬ್ಯಾಟರಿ ಕ್ಯಾಮೆರಾಗಳದ್ದು ಇನ್ನೊಂದು ಕಥೆ. ಬ್ಯಾಟರಿ ಉಳಿಸಲು ಅವು ಸದಾ ಮಲಗಿರುತ್ತವೆ. ಪಿಐಆರ್ ಸೆನ್ಸರ್‌ಗೆ ದೇಹದ ಶಾಖದ ಚಲನೆ ತಿಳಿದಾಗ ಮಾತ್ರ ಎಚ್ಚರಗೊಳ್ಳುತ್ತವೆ. ಈ ಸೆನ್ಸರ್ ಅಡ್ಡಕ್ಕೆ ದಾಟಿಹೋಗುವವರನ್ನು ಬೇಗ ಗುರುತಿಸುತ್ತದೆ, ನೇರವಾಗಿ ತನ್ನತ್ತ ಬರುವವರನ್ನು ತಡವಾಗಿ. ಸಂದಿಯಲ್ಲಿ ಎಲ್ಲರೂ ನಡೆಯುವುದು ನೇರವಾಗಿ ಕ್ಯಾಮೆರಾದತ್ತಲೇ. ಅದು ಏಳುವ ಹೊತ್ತಿಗೆ ಬಂದವನು ಅರ್ಧ ಸಂದಿ ದಾಟಿರುತ್ತಾನೆ. ಬಾಡಿಗೆ ಮನೆಯಾಗಿದ್ದು ಗೋಡೆ ಕೊರೆಯಲು ಮಾಲೀಕರು ಒಪ್ಪದಿದ್ದರೆ ಮಾತ್ರ ಇದನ್ನು ಯೋಚಿಸಬಹುದು.

ಹೆಗ್ಗಣ, ಬೆಕ್ಕು ಓಡಾಡಿದಾಗೆಲ್ಲ ಅಲರ್ಟ್ ಬಂದರೆ ನಾಲ್ಕನೇ ದಿನ ಮನೆಯವರು ನೋಟಿಫಿಕೇಶನ್ ಆಫ್ ಮಾಡುತ್ತಾರೆ. ಮನುಷ್ಯರನ್ನು ಮಾತ್ರ ಗುರುತಿಸುವ ಆಯ್ಕೆ ಇರುವ ಕ್ಯಾಮೆರಾ ಒಳ್ಳೆಯದು. ಚಿತ್ರದಲ್ಲಿ ಬೀದಿ ಕಾಣುತ್ತಿದ್ದರೆ ಆ ಭಾಗವನ್ನು ಅಲರ್ಟ್ ವಲಯದಿಂದ ಹೊರಗಿಡಿ.

ಊರಿಗೆ ಹೋದಾಗ ಕ್ಯಾಮೆರಾವೂ ಆಫ್!

ಊರಿಗೆ ಹೊರಡುವಾಗ ಮೇನ್ ಸ್ವಿಚ್ ಆಫ್ ಮಾಡಿ ಹೋಗುವ ಅಭ್ಯಾಸ ಹಲವು ಮನೆಗಳಲ್ಲಿದೆ. ಅದರೊಂದಿಗೆ ಕ್ಯಾಮೆರಾ, ರೆಕಾರ್ಡರ್, ರೂಟರ್ ಎಲ್ಲವೂ ಆರಿಹೋಗುತ್ತವೆ. ಬೇಕಾದ ಹದಿನೈದು ದಿನವೇ ಕ್ಯಾಮೆರಾ ಕೆಲಸ ಮಾಡಿರುವುದಿಲ್ಲ. ಇವು ಮೂರಕ್ಕೂ ಪ್ರತ್ಯೇಕ ಎಂಸಿಬಿ ಹಾಕಿಸಿಕೊಳ್ಳಿ, ಉಳಿದವನ್ನು ಆಫ್ ಮಾಡಿ. ಹಾಗೆಯೇ ಇಂಟರ್‌ನೆಟ್ ಪ್ಲಾನ್ ಪ್ರವಾಸದ ನಡುವೆ ಮುಗಿಯುವುದಿಲ್ಲವೇ ಎಂದೂ ನೋಡಿಕೊಳ್ಳಿ. ಸಣ್ಣ ಯುಪಿಎಸ್ ಇದ್ದರೆ ಕರೆಂಟ್ ಹೋದಾಗಲೂ ರೆಕಾರ್ಡಿಂಗ್ ಮುಂದುವರಿಯುತ್ತದೆ.

ಸಾಧ್ಯವಿದ್ದರೆ ವೈ-ಫೈಗಿಂತ ಕೇಬಲ್ ಆರಿಸಿ. ಎರಡು-ಮೂರು ಗೋಡೆ ದಾಟಿ ಸಂದಿಗೆ ಬರುವ ಸಿಗ್ನಲ್ ನಂಬುವಂತಿಲ್ಲ. ಪಿಒಇ ವ್ಯವಸ್ಥೆಯಲ್ಲಿ ಒಂದೇ ನೆಟ್‌ವರ್ಕ್ ಕೇಬಲ್‌ನಲ್ಲಿ ಕರೆಂಟೂ ಚಿತ್ರವೂ 100 ಮೀಟರ್‌ವರೆಗೆ ಹೋಗುತ್ತವೆ. ಕೇಬಲ್ ಶುದ್ಧ ತಾಮ್ರದ್ದಿರಲಿ; ಅಲ್ಯುಮಿನಿಯಂಗೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್‌ಗಳೂ ಮಾರುಕಟ್ಟೆಯಲ್ಲಿವೆ.

ಎಷ್ಟು ದಿನದ ದೃಶ್ಯ ಉಳಿಯುತ್ತದೆ ಎಂಬುದನ್ನು ಪ್ರವಾಸದ ಅವಧಿಗೆ ಹೋಲಿಸಿ ನೋಡಬೇಕು. ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಸತತವಾಗಿ ರೆಕಾರ್ಡ್ ಆದರೆ ದಿನಕ್ಕೆ ಸುಮಾರು 22 ಜಿಬಿ ಬೇಕು. ಕ್ಯಾಮೆರಾದಲ್ಲಿ ಹಾಕಿದ 128 ಜಿಬಿ ಕಾರ್ಡ್ ಐದಾರು ದಿನಕ್ಕೆ ತುಂಬಿ ಹಳೆಯದರ ಮೇಲೆ ಹೊಸದು ಬರೆಯಲು ಶುರುಮಾಡುತ್ತದೆ. 1 ಟಿಬಿ ಹಾರ್ಡ್ ಡಿಸ್ಕ್ ಒಂದು ಕ್ಯಾಮೆರಾಗೆ ಒಂದೂವರೆ ತಿಂಗಳು, ನಾಲ್ಕು ಕ್ಯಾಮೆರಾಗೆ ಹನ್ನೊಂದು ದಿನ ಬರುತ್ತದೆ. ಡಿವಿಆರ್ ಅನ್ನು ಟಿವಿ ಪಕ್ಕದಲ್ಲಿ ಇಟ್ಟರೆ ಕಳ್ಳ ಟಿವಿಯೊಂದಿಗೆ ಅದನ್ನೂ ಒಯ್ಯಬಹುದು. ಗಾಳಿಯಾಡುವ, ಬೀಗವಿರುವ ಕಪಾಟು ಅಥವಾ ಅಟ್ಟ ಅದಕ್ಕೆ ಸರಿಯಾದ ಜಾಗ.

ನೆರೆಮನೆಯ ಕಿಟಕಿ

ಸಂದಿಯ ಒಂದು ಬದಿ ನಿಮ್ಮ ಮನೆಯಾದರೆ ಇನ್ನೊಂದು ಬದಿ ನೆರೆಯವರದ್ದು. ಅವರ ಬಚ್ಚಲುಮನೆಯ ಕಿಟಕಿ, ಮಲಗುವ ಕೋಣೆ, ಬಟ್ಟೆ ಒಣಹಾಕುವ ಜಾಗ ನಿಮ್ಮ ಕ್ಯಾಮೆರಾದೊಳಗೆ ಬಂದರೆ ಅದು ಬರೀ ಮನಸ್ತಾಪಕ್ಕೆ ನಿಲ್ಲುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲೇ ಹೇಳಿದೆ. ಮಹಿಳೆಯ ಖಾಸಗಿ ಕ್ಷಣಗಳನ್ನು ನೋಡುವುದು ಅಥವಾ ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಬಾರಿಗೆ ಒಂದರಿಂದ ಮೂರು ವರ್ಷದವರೆಗೆ ಜೈಲು ಶಿಕ್ಷೆ ಮತ್ತು ದಂಡ ಇದೆ.

ಒಂದೇ ಮನೆಯನ್ನು ಹಂಚಿಕೊಂಡಿರುವ ಕುಟುಂಬಗಳಿಗೂ ಇದು ಅನ್ವಯಿಸುತ್ತದೆ. ಜತೆಯಲ್ಲಿ ವಾಸಿಸುವವರ ಒಪ್ಪಿಗೆಯಿಲ್ಲದೆ ಮನೆಯ ವಾಸದ ಭಾಗದಲ್ಲಿ ಸಿಸಿಟಿವಿ ನಡೆಸುವುದು ಖಾಸಗಿತನದ ಉಲ್ಲಂಘನೆ ಎಂದು ಕಲ್ಕತ್ತಾ ಹೈಕೋರ್ಟ್ 2025ರಲ್ಲಿ ಹೇಳಿತು. ಆ ಆದೇಶದಲ್ಲಿ ಮಧ್ಯಪ್ರವೇಶಿಸಲು ಅದೇ ವರ್ಷದ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ನಿರಾಕರಿಸಿತು. ಮನೆಬಳಕೆಯ ವೈಯಕ್ತಿಕ ಮಾಹಿತಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ ನಿಜ. ಆದರೆ ನೆರೆಯವರ ಕಿಟಕಿಗೆ ಕ್ಯಾಮೆರಾ ತಿರುಗಿಸಲು ಅದು ಪರವಾನಗಿ ಅಲ್ಲ.

ಉತ್ತಮ ಕ್ಯಾಮೆರಾಗಳಲ್ಲಿ ‘ಪ್ರೈವಸಿ ಮಾಸ್ಕ್’ ಇರುತ್ತದೆ. ಚಿತ್ರದ ಮೇಲೆ ಕಪ್ಪು ಚೌಕ ಎಳೆದರೆ ಆ ಭಾಗ ರೆಕಾರ್ಡ್ ಆಗುವುದಿಲ್ಲ. ಕಿರಿದಾದ ನೋಟದ ಲೆನ್ಸ್ ಇಲ್ಲಿಯೂ ಉಪಕಾರಿ, ಪಕ್ಕದವರ ಕಿಟಕಿ ಚಿತ್ರಕ್ಕೆ ಬರುವುದೇ ಕಡಿಮೆ. ಮಾಸ್ಕ್ ಹಾಕಿದ ಮೇಲೆ ನೆರೆಯವರನ್ನು ಕರೆದು ಮೊಬೈಲ್‌ನಲ್ಲಿ ಒಮ್ಮೆ ತೋರಿಸುವುದು ಒಳ್ಳೆಯದು. ಪರ ಊರಿನಲ್ಲಿ ಮನೆ ಬೀಗ ಹಾಕಿ ಹೊರಟಾಗ ಕ್ಯಾಮೆರಾಕ್ಕಿಂತ ಮೊದಲು ನೆರವಿಗೆ ಬರುವವರು ಅವರೇ. ಸಂದಿ ಸೊಸೈಟಿಗೆ ಸೇರಿದ್ದಾದರೆ ಸಮಿತಿಯ ಅನುಮತಿಯನ್ನು ಬರಹದಲ್ಲಿ ಪಡೆಯಿರಿ.

ಹಣ ಕೊಡುವ ಮುನ್ನ ರಾತ್ರಿ ಪರೀಕ್ಷೆ

ಸಿಸಿಟಿವಿ ಕ್ಯಾಮೆರಾಗಳಿಗೆ ಸೈಬರ್ ಭದ್ರತೆಯ ಕನಿಷ್ಠ ಮಾನದಂಡಗಳನ್ನು ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಪ್ರಕಟಿಸಿತ್ತು. 2025ರ ಏಪ್ರಿಲ್ 9ರಿಂದ ಅವು ಕಡ್ಡಾಯವಾಗಿವೆ. ಡಬ್ಬದ ಮೇಲೆ ಬಿಐಎಸ್ ನೋಂದಣಿ ಸಂಖ್ಯೆ ನೋಡಿ, ಹೊಸ ನಿಯಮದಡಿ ಪರೀಕ್ಷೆಯಾದ ಮಾದರಿಯೇ ಎಂದು ಕೇಳಿ. ಹಳೆಯ ದಾಸ್ತಾನನ್ನು ರಿಯಾಯಿತಿಯಲ್ಲಿ ಮಾರುವವರೂ ಇರುತ್ತಾರೆ. ಕಂಪನಿಯಿಂದ ಬಂದ ಪಾಸ್‌ವರ್ಡ್ ಅನ್ನು ಮೊದಲ ದಿನವೇ ಬದಲಿಸಿ, ಹಾಕಿದವರ ಮೊಬೈಲ್‌ನಲ್ಲಿ ನಿಮ್ಮ ಕ್ಯಾಮೆರಾ ತೆರೆದುಕೊಳ್ಳದಂತೆ ನೋಡಿಕೊಳ್ಳಿ.

ಗೋಡೆ ಕೊರೆಯುವ ಮುನ್ನ ಏಣಿಯ ಮೇಲೆ ಕ್ಯಾಮೆರಾ ಹಿಡಿಸಿ ಮೊಬೈಲ್‌ನಲ್ಲಿ ನೋಟ ನೋಡಿ. ಹಾಕಿದ ದಿನ ರಾತ್ರಿ, ಸಂದಿಯ ದೀಪ ಒಮ್ಮೆ ಹಾಕಿ ಒಮ್ಮೆ ಆರಿಸಿ, ಗಾಢ ಬಣ್ಣದ ಅಂಗಿ ತೊಟ್ಟ ಒಬ್ಬರನ್ನು ಬೀದಿ ಕಡೆಯಿಂದ ಸಾಮಾನ್ಯ ವೇಗದಲ್ಲಿ ನಡೆಸಿ. ಲೈವ್ ನೋಡಿದರೆ ಸಾಲದು, ರೆಕಾರ್ಡ್ ಆದದ್ದನ್ನು ತೆಗೆದು, ದೂರದ ತುದಿಯಲ್ಲಿ ಚಿತ್ರ ನಿಲ್ಲಿಸಿ. ಅದು ಯಾರೆಂದು ಗೊತ್ತಿಲ್ಲದ ಇನ್ನೊಬ್ಬರಿಗೆ ತೋರಿಸಿ, ಗುರುತು ಹೇಳಲಿ. ಹೇಳಲಾಗದಿದ್ದರೆ ಲೆನ್ಸ್ ಅಥವಾ ಜಾಗ ಬದಲಿಸಬೇಕು. ಪೂರ್ತಿ ಹಣ ಕೊಟ್ಟ ಮೇಲೆ ಏಣಿ ಹತ್ತಲು ಇನ್ನೊಮ್ಮೆ ಬರುವವರು ಕಡಿಮೆ.

ದೃಶ್ಯ ಪೊಲೀಸರಿಗೆ ಕೊಡಬೇಕಾದಾಗ

ಪರದೆಯಲ್ಲಿ ಓಡುತ್ತಿರುವ ದೃಶ್ಯವನ್ನು ಮೊಬೈಲ್‌ನಿಂದ ಚಿತ್ರೀಕರಿಸಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಇರುವ ಸ್ಪಷ್ಟತೆಯೂ ಹೋಗುತ್ತದೆ. ರೆಕಾರ್ಡರ್‌ನಿಂದ ಮೂಲ ಕಡತವನ್ನೇ ಪೆನ್ ಡ್ರೈವ್‌ಗೆ ಎಕ್ಸ್‌ಪೋರ್ಟ್ ಮಾಡಿ, ಘಟನೆಯ ಮುಂಚಿನ ಮತ್ತು ನಂತರದ ಅರ್ಧ ಗಂಟೆಯನ್ನೂ ಸೇರಿಸಿ. ಎಲೆಕ್ಟ್ರಾನಿಕ್ ದಾಖಲೆಯನ್ನು ಕೋರ್ಟ್‌ನಲ್ಲಿ ಸಾಕ್ಷ್ಯವಾಗಿ ಸಲ್ಲಿಸಲು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು, ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ತನಿಖಾಧಿಕಾರಿ ಹೇಳುವವರೆಗೆ ರೆಕಾರ್ಡರ್‌ನಲ್ಲಿರುವ ಮೂಲವನ್ನು ಅಳಿಸಬೇಡಿ. ಹಳೆಯದರ ಮೇಲೆ ಹೊಸದು ಬರೆಯುವ ಮುನ್ನ ಡಿಸ್ಕ್ ಬದಲಿಸಿ ಇಡುವುದು ಇನ್ನೂ ಸುರಕ್ಷಿತ.

ರೆಕಾರ್ಡರ್‌ನ ಗಡಿಯಾರವನ್ನು ಈಗಲೇ ನೋಡಿಕೊಳ್ಳಿ. ದೀರ್ಘಕಾಲ ಕರೆಂಟ್ ಇಲ್ಲದೆ ಆಫ್ ಆಗಿದ್ದ ರೆಕಾರ್ಡರ್‌ಗಳು ಹಳೆಯ ದಿನಾಂಕ ತೋರಿಸುವುದುಂಟು. ಸೆಟ್ಟಿಂಗ್‌ನಲ್ಲಿ ಎನ್‌ಟಿಪಿ ಆನ್ ಮಾಡಿದರೆ ಇಂಟರ್‌ನೆಟ್‌ನಿಂದ ಸಮಯ ತಾನೇ ಸರಿಹೊಂದುತ್ತದೆ. ಸಮಯ ವಲಯ +5:30 ಎಂದಿರಬೇಕು.